ಎದುರಿನ ತೊಟ್ಟಿಲು

ಮಧ್ಯಾಹ್ನ ಮೂರಕ್ಕೆ ಹಿಡಿದ ಮಳೆ ಐದಾದರೂ ಬಿಡಲಿಲ್ಲ. ಪಾರ್ಕಿನಲ್ಲಿ ಆ ಹೊತ್ತಿಗೆ ಇದ್ದ ಒಂದೇ ಒಂದು ಕುಟುಂಬವೂ ಮಕ್ಕಳನ್ನು ಎಳೆದುಕೊಂಡು, ತಲೆಯ ಮೇಲೆ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಗೇಟಿನ ಕಡೆ ಓಡಿತು. ಆಮೇಲೆ ಟಿಕೆಟ್ ಅಕ್ಕ ತನ್ನ ಕಿಟಕಿ ಮುಚ್ಚಿದಳು, ಪಾಪ್‌ಕಾರ್ನ್ ಮಾವ ತನ್ನ ಗಾಡಿಗೆ ಟಾರ್ಪಾಲು ಹೊದಿಸಿದ, ಇಬ್ಬರೂ ಡ್ಯಾಶಿಂಗ್ ಕಾರಿನ ಶೆಡ್ಡಿಗೆ ಬಂದು ಸೇರಿಕೊಂಡರು. ಇಡೀ ಪಾರ್ಕಿನಲ್ಲಿ ಸೋರದ ಸೂರು ಅಂದರೆ ಅದೊಂದೇ.

ಯಜಮಾನಿ ಆಗಲೇ ಅಲ್ಲಿದ್ದಳು. ಶೆಡ್ಡಿನ ಅಂಚಿಗೆ ನಿಂತಿದ್ದ ಹಳದಿ ಕಾರಿನಲ್ಲಿ ಕೂತು, ಚಪ್ಪಲಿ ಬಿಚ್ಚಿ, ಕಾಲು ಹೊರಗೆ ಚಾಚಿದ್ದಳು. ಶೆಡ್ಡಿನ ನೆಲ ಕಬ್ಬಿಣದ ತಗಡು, ನೀರು ನುಗ್ಗಿದರೆ ಕಾರುಗಳ ಕರೆಂಟು ಕೈಕೊಡುತ್ತದೆ ಎಂದು ಹಿಂದಿನ ದಿನ ಸಂಜೆಯೇ ಎಲ್ಲರೂ ಸೇರಿ ಸುತ್ತಲೂ ಕ್ಯಾನ್ವಾಸ್ ಚೀಲಗಳನ್ನು ಒಡ್ಡಿನ ಹಾಗೆ ಜೋಡಿಸಿದ್ದರು. ಅಂಥ ಒಂದು ಚೀಲವೇ ಈಗ ಅವಳ ಕಾಲಿಗೆ ಮಣೆ. ತೊಡೆಯ ಮೇಲೆ ಕೈಚೀಲ, ಕೈಚೀಲದೊಳಗೆ ಮಾರಾಟದ ಕಾಗದ. ಅದಕ್ಕೆ ಅವಳಿನ್ನೂ ಸಹಿ ಹಾಕಿರಲಿಲ್ಲ.

ವಯಸ್ಸು ನಲವತ್ತಾರು, ಆದರೂ ಎಲ್ಲರ ಬಾಯಲ್ಲಿ ಅವಳು ಪುಟ್ಟಮ್ಮಾವ್ರು. ಫ್ರಾಕು ಹಾಕಿಕೊಂಡು ಅಪ್ಪನ ಹಿಂದೆ ಮುಂದೆ ಓಡಾಡುತ್ತಿದ್ದ ಕಾಲದಲ್ಲಿ ಬಿದ್ದ ಹೆಸರು, ಅಪ್ಪ ತೀರಿಹೋಗಿ ಮೂರು ವರ್ಷದಿಂದ ಪಾರ್ಕನ್ನು ಅವಳೇ ನಡೆಸುತ್ತಿದ್ದರೂ ಬಿಟ್ಟುಹೋಗಿರಲಿಲ್ಲ. ಜನ ಮಾತ್ರ ಬಿಟ್ಟುಹೋಗಿದ್ದರು. ಊರಿನ ಆ ತುದಿಯಲ್ಲಿ ಮಾಲ್ ಎದ್ದ ಮೇಲೆ ಬಿಸಿಲಿಲ್ಲದೆ, ಮಳೆಯಿಲ್ಲದೆ ಒಳಗೇ ಆಡುವ ಆಟಗಳು ಬಂದವು, ಇಲ್ಲಿ ವಾರದ ದಿನಗಳಲ್ಲಿ ಕುದುರೆ ಚಕ್ರದ ಮೇಲೆ ಪಾರಿವಾಳಗಳು ಸವಾರಿ ಮಾಡುವಂತಾಯಿತು. ಜಾಗ ಕೇಳಿದವರು ಗೋದಾಮು ಕಟ್ಟುವವರು. ಆ ದಿನ ಸಂಜೆ ಆರಕ್ಕೆ ಅವರು ಫೋನ್ ಮಾಡುವವರಿದ್ದರು, ಹೂಂ ಅಂದರೆ ಅದೇ ವಾರ ಜೈಂಟ್ ವೀಲ್ ಬಿಚ್ಚುವುದರಿಂದ ಕೆಲಸ ಶುರು. ಕೆಲಸದವರು ಇನ್ನೊಂದು ದಾರಿ ಹೇಳಿದ್ದರು: ಹಿಂದುಗಡೆಯ ಒಣಗಿದ ಈಜುಕೊಳದ ಜಾಗವನ್ನು ಬಸ್ಸು ನಿಲ್ಲಿಸುವವರಿಗೆ ಬಾಡಿಗೆಗೆ ಕೊಡೋಣ, ಉಳಿದ ಪಾರ್ಕನ್ನು ವಾರಕ್ಕೆ ನಾಲ್ಕೇ ದಿನ ತೆರೆಯೋಣ ಎಂದು. ಯಜಮಾನಿ ಒಂದು ವಾರದಿಂದ ಈ ಎರಡರ ನಡುವೆ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಆ ಬೆಳಿಗ್ಗೆ ಹತ್ತಕ್ಕೆ, ತುಂತುರು ಹನಿಯಲ್ಲೇ, ಕೊನೆಯ ಸಲ ಎಂದುಕೊಂಡು ಅವಳು ಒಬ್ಬಳೇ ಜೈಂಟ್ ವೀಲ್ ಹತ್ತಿ ಮೂರು ಸುತ್ತು ಸುತ್ತಿ ಬಂದಿದ್ದಳು. ಮೇಲಿನಿಂದ ಊರು ತೊಳೆದಿಟ್ಟ ಹಾಗೆ ಕಂಡಿತ್ತು. ಯಾಕೋ ಮನಸ್ಸು ಹಗುರಾಗಿತ್ತು, ಇಳಿದ ಮೇಲೆ ಅದಕ್ಕೇ ಇನ್ನಷ್ಟು ಬೇಜಾರಾಗಿತ್ತು.

ವೀಲ್ ತಾತ ಬಂದ. ಮೂವತ್ತೊಂಬತ್ತು ವರ್ಷದಿಂದ ಆ ವೀಲ್ ತಿರುಗಿಸುತ್ತಿರುವವನು. ರೇನ್‌ಕೋಟು ಕೊಡವಿ, ಚಹಾದ ಫ್ಲಾಸ್ಕನ್ನು ಟಿಕೆಟ್ ಅಕ್ಕನ ಕೈಗೆ ಕೊಟ್ಟು, ಕೆಂಪು ಕಾರಿನಲ್ಲಿ ಕೂತು ಸ್ಟೇರಿಂಗ್ ಹಿಡಿದುಕೊಂಡ.

"ತಾತ, ಲೈಸೆನ್ಸ್ ಇದೆಯಾ?" ಎಂದ ಪಾಪ್‌ಕಾರ್ನ್ ಮಾವ.

"ನೀನು ಹುಟ್ಟೋಕೆ ಮುಂಚಿನದು ಕಣಯ್ಯ. ಸುಮ್ನೆ ಚಹಾ ಕುಡಿ."

ಲೋಟಗಳು ಕೈಯಿಂದ ಕೈಗೆ ಹೋದವು. ತಗಡಿನ ಮೇಲೆ ಮಳೆಯ ಸದ್ದು, ಮೂಗಿಗೆ ಬಿಸಿ ಹಬೆ. ಮಾರಾಟವೊಂದು ಇಲ್ಲದಿದ್ದರೆ ಹೀಗೆ ಕೂತಿರುವುದಕ್ಕಿಂತ ಸುಖ ಇನ್ನೇನಿದೆ ಎಂದು ಯಜಮಾನಿಗೆ ಅನ್ನಿಸಿತು. ಅವಳು ಗಡಿಯಾರ ನೋಡಿದಳು. ಎಲ್ಲರೂ ಅವಳನ್ನು ನೋಡಿದರು.

"ಏನಾದರೂ ಹೇಳಿ ತಾತ," ಎಂದಳು ಟಿಕೆಟ್ ಅಕ್ಕ. "ಹೀಗೆ ಗಡಿಯಾರ ನೋಡ್ಕೊಂಡು ಕೂತ್ರೆ ಆರು ಗಂಟೆ ಆಗೋದೇ ಇಲ್ಲ."

"ಆಗದೇ ಇದ್ರೆ ಒಳ್ಳೇದೇ ಆಯ್ತಲ್ಲ."

ಯಜಮಾನಿ ನಕ್ಕಳು. "ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತೆ ತಾತ. ಆದ್ರೆ ನೀವೇ ಹೇಳಿ, ಒಬ್ಬರಿಗೋಸ್ಕರ ಅಷ್ಟು ದೊಡ್ಡ ವೀಲ್ ತಿರುಗಿಸಕ್ಕಾಗುತ್ತಾ?"

ತಾತನ ಕೈ ಸ್ಟೇರಿಂಗ್ ಮೇಲೆ ಹಾಗೇ ನಿಂತಿತು.

"ಒಬ್ಬರಿಗೋಸ್ಕರ ಅಷ್ಟು ದೊಡ್ಡ ವೀಲ್ ತಿರುಗಿಸಕ್ಕಾಗುತ್ತಾ... ಇದೇ ಮಾತು, ಒಂದಕ್ಷರ ಹೆಚ್ಚು ಕಮ್ಮಿ ಇಲ್ಲ, ನಾನು ಒಬ್ಬರಿಗೆ ಹೇಳಿದ್ದೆ ಪುಟ್ಟಮ್ಮಾವ್ರೇ. ಇಪ್ಪತ್ತೆಂಟು ವರ್ಷ ಆಯ್ತು. ಯಾರಿಗೂ ಬಾಯಿ ಬಿಟ್ಟಿಲ್ಲ. ಇವತ್ತು ಹೇಳ್ತೀನಿ. ಆದ್ರೆ ಮಧ್ಯೆ ಯಾರೂ ಬಾಯಿ ಹಾಕಬಾರದು... ಮುಖ್ಯವಾಗಿ ನೀನು," ಎಂದು ಪಾಪ್‌ಕಾರ್ನ್ ಮಾವನ ಕಡೆ ಬೆರಳು ತೋರಿಸಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದ.

"ನೋಡಿ, ಜೈಂಟ್ ವೀಲ್ ಅಂದ್ರೆ ಏನು? ದುಂಡಗಿರೋ ತಕ್ಕಡಿ, ಅಷ್ಟೇ. ಹದಿನಾರು ತೊಟ್ಟಿಲು, ಎಂಟು ಈ ಕಡೆ ಇದ್ರೆ ಎಂಟು ಆ ಕಡೆ. ರಜಾದಿನ ಜನ ತುಂಬ್ಕೊಂಡ್ರೆ ತೂಕ ಅದರ ಪಾಡಿಗೆ ಅದು ಸರಿಹೋಗುತ್ತೆ, ನಾನು ಕಾಲ ಮೇಲೆ ಕಾಲು ಹಾಕ್ಕೊಂಡು ಕೂತ್ರೂ ನಡೆಯುತ್ತೆ. ಆದ್ರೆ ಒಬ್ಬರೇ ಬಂದ್ರೆ? ಅವರು ಕೂತ ಕಡೆ ಭಾರ... ಮೇಲೆ ಹೋಗುವಾಗ ಮೋಟರು ಏದುಸಿರು ಬಿಡುತ್ತೆ, ಇಳಿಯುವಾಗ ಬೆಲ್ಟು ಜಾರಿ ಸುಯ್ ಅಂತ ಬಿಟ್ಟುಬಿಡುತ್ತೆ. ಅದಕ್ಕೇ ಮರಳು ಚೀಲ. ಬಂದವರನ್ನ ಕಣ್ಣಲ್ಲೇ ತೂಗಬೇಕು, ಅಷ್ಟು ತೂಕದ ಮರಳನ್ನ ಮೊದಲು ಒಂದು ತೊಟ್ಟಿಲಿಗೆ ತುಂಬಬೇಕು, ಅರ್ಧ ಸುತ್ತು ತಿರುಗಿಸಬೇಕು, ಆಮೇಲೆ ಎದುರಿನ ತೊಟ್ಟಿಲಲ್ಲಿ ಅವರನ್ನ ಕೂರಿಸಬೇಕು. ನನ್ನ ಕ್ಯಾಬಿನ್ನಲ್ಲಿ ಕರೆಂಟಿನ ಮೀಟರು ಇದೆಯಲ್ಲ, ಅದರ ಮುಳ್ಳು ಸುಳ್ಳು ಹೇಳಲ್ಲ. ತೂಕ ಸರಿ ಇದ್ರೆ ನಿಂತಲ್ಲೇ ನಿಂತಿರುತ್ತೆ, ತಪ್ಪಿದ್ರೆ ಸುತ್ತು ಸುತ್ತಿಗೂ ಆ ಕಡೆ ಈ ಕಡೆ ಹೊಯ್ದಾಡುತ್ತೆ.

"ನಿಮ್ಮಪ್ಪ, ದೊಡ್ಡ ಯಜಮಾನ್ರು, ನನ್ನ ಕೆಲಸಕ್ಕೆ ಸೇರಿಸ್ಕೊಂಡ ದಿನ ಹೇಳಿದ್ದು ಒಂದೇ ಮಾತು. ಟಿಕೆಟ್ ತಗೊಂಡು ಬಂದವರನ್ನ ವಾಪಸ್ ಕಳಿಸಬೇಡ, ಒಬ್ಬರೇ ಬಂದ್ರೂ ತಿರುಗಿಸು... ಅಷ್ಟೇ. ನಾನೂ ತಲೆ ಆಡಿಸಿದ್ದೆ. ತಲೆ ಆಡಿಸೋಕೆ ಏನು ಕಷ್ಟ?

"ಆವತ್ತು ಹೀಗೇ ಮಳೆಗಾಲ, ವಾರದ ಮಧ್ಯೆ, ಮಧ್ಯಾಹ್ನ ಎರಡು ಗಂಟೆ. ನರಪಿಳ್ಳೆ ಇಲ್ಲ. ನಾನು ಏನು ಮಾಡಿದ್ದೆ ಗೊತ್ತಾ? ನಗಬಾರದು. ಮರಳು ಚೀಲಗಳನ್ನೆಲ್ಲ ಮೋಟರ್ ರೂಮಿನ ಹಿಂದೆ ಹೊತ್ಕೊಂಡು ಹೋಗಿ, ಸಾಲಾಗಿ ಜೋಡಿಸಿ, ಮೇಲೆ ಒಂದು ಕಂಬಳಿ ಹಾಸ್ಕೊಂಡು ಮಲಗಿದ್ದೆ. ಮೆತ್ತಗೆ, ಬೆಚ್ಚಗೆ... ಅರಮನೇಲೂ ಅಂಥ ಹಾಸಿಗೆ ಇರಲ್ಲ ಕಣ್ರೀ. ಆಗ ಯಾರೋ ಕೂಗಿದ ಹಾಗಾಯ್ತು. ಕಣ್ಣುಜ್ಜಿಕೊಂಡು ಬಂದೆ.

"ಒಬ್ಬರು ಹೆಂಗಸು. ಅರವತ್ತರ ಹತ್ತಿರ ಇರಬಹುದು. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಟಿಕೆಟ್ಟು. ಬೆರಳೆಲ್ಲ ನೀರಲ್ಲಿ ನೆಂದು ನೆಂದು ಸುಕ್ಕಾಗಿತ್ತು. ಆಸ್ಪತ್ರೆಯ ಬಟ್ಟೆ ಒಗೆಯೋರಂತೆ... ಅಗೋ, ಅಲ್ಲಿ ಕಾಣುತ್ತಲ್ಲ ಆಸ್ಪತ್ರೆ, ಅದೇ. ಇಪ್ಪತ್ತು ವರ್ಷ ಅದರ ಟೆರೇಸಿನ ಮೇಲೆ ಹಾಸಿಗೆ ಬಟ್ಟೆ ಒಣಗಿಹಾಕ್ತಾ ಅಲ್ಲಿಂದ ನಮ್ಮ ವೀಲ್ ನೋಡ್ತಿದ್ರಂತೆ. 'ಅಲ್ಲಿಂದ ಇದನ್ನ ನೋಡಿದ್ದಾಯ್ತಪ್ಪ, ಇಲ್ಲಿಂದ ಅದು ಹೇಗೆ ಕಾಣುತ್ತೆ ಅಂತ ಒಂದ್ಸಲ ನೋಡಬೇಕು. ಇವತ್ತು ಅರ್ಧ ದಿನ ರಜ ಸಿಕ್ಕಿದೆ. ಮೇಲೆ ಹೋದಾಗ ಸ್ವಲ್ಪ ಹೊತ್ತು ನಿಲ್ಲಿಸ್ತೀಯಾ?' ಅಂದ್ರು. ಹೀಗೆ, ಮಕ್ಕಳು ಕೇಳೋ ಹಾಗೆ.

"ನಾನು ಏನು ಮಾಡಬೇಕಿತ್ತು? ಹೋಗಿ ಆರು ಚೀಲ ಹೊತ್ಕೊಂಡು ಬರಬೇಕಿತ್ತು. ಆದ್ರೆ ಆ ಹಾಸಿಗೆ ಕಿತ್ತುಹಾಕೋಕೆ ಮನಸ್ಸು ಬರಲಿಲ್ಲ. ಅಷ್ಟೇ ಕಣ್ರೀ ಕಾರಣ. ಬೇರೆ ಏನೂ ಇಲ್ಲ. 'ಒಬ್ಬರಿಗೋಸ್ಕರ ಅಷ್ಟು ದೊಡ್ಡ ವೀಲ್ ತಿರುಗಿಸಕ್ಕಾಗುತ್ತೇನಮ್ಮ? ನಾಳೆ ಬನ್ನಿ' ಅಂದೆ. ಅವರು ಬೇಜಾರು ಮಾಡ್ಕೊಳ್ಳಲಿಲ್ಲ. ಮಾಡ್ಕೊಂಡು ಬೈದಿದ್ರೆ ನನಗೆ ಎಷ್ಟೋ ವಾಸಿಯಾಗಿತ್ತು. 'ಹೌದಲ್ವಾ, ಒಬ್ಬಳಿಗೋಸ್ಕರ ಯಾಕೆ ತೊಂದರೆ' ಅಂತ ಹೇಳಿ, ಟಿಕೆಟ್ಟನ್ನ ನನ್ನ ಕೈಗೇ ಕೊಟ್ರು. 'ಮಳೇಲಿ ನೆಂದುಹೋಗುತ್ತೆ, ನಿನ್ನ ಹತ್ತಿರಾನೇ ಇಟ್ಕೊಂಡಿರು, ನಾಳೆ ಬರ್ತೀನಿ' ಅಂದ್ರು. ನಾನು ಅದನ್ನ ಮೀಟರಿನ ಗಾಜಿನ ಅಂಚಿಗೆ ಸಿಗಿಸಿ, ಹೋಗಿ ಮಲಗಿದೆ. ನಿದ್ದೆನೂ ಬಂತು. ಅದನ್ನ ನೆನೆಸಿಕೊಂಡ್ರೆ ಈಗಲೂ ನಾಚಿಕೆಯಾಗುತ್ತೆ."

ತಾತ ಚಹಾದ ಕೊನೆಯ ಗುಟುಕು ಕುಡಿದ. ಟಿಕೆಟ್ ಅಕ್ಕ ಮೆಲ್ಲಗೆ, "ಮಾರನೇ ದಿನ ಬಂದ್ರಾ?" ಎಂದಳು.

"ಬಾಯಿ ಹಾಕಬೇಡಿ ಅಂದಿದ್ದೆ... ಇರಲಿ. ಬರಲಿಲ್ಲ. ಮಾರನೇ ದಿನ ಚೀಲಗಳನ್ನೆಲ್ಲ ಮುಂದೆ ತಂದಿಟ್ಟುಕೊಂಡೇ ಕಾದೆ. ಅದರ ಮಾರನೇ ದಿನವೂ ಕಾದೆ. ಎಂಟು ದಿನ ಆದ ಮೇಲೆ ತಡೀಲಾರದೆ ಆಸ್ಪತ್ರೆಗೇ ಹೋಗಿ ವಿಚಾರಿಸಿದೆ. ಇಲ್ಲಿಗೆ ಬಂದಿದ್ದ ದಿನಾನೇ ಸಂಜೆ ಮನೆಗೆ ಹೋಗಿ, ಉಂಡು, ಮಲಗಿದವರು ಬೆಳಿಗ್ಗೆ ಏಳಲೇ ಇಲ್ಲವಂತೆ. ಕಷ್ಟ ಪಡಲಿಲ್ಲ, ಪುಣ್ಯವಂತೆ ಅಂದ್ರು ಜೊತೆಯವರು. ಟಿಕೆಟ್ಟು ಮಾತ್ರ ಅಲ್ಲೇ ಇತ್ತು, ಮೀಟರಿನ ಗಾಜಿಗೆ. ತೆಗೆದು ಬಿಸಾಡೋಕೆ ಧೈರ್ಯ ಬರಲಿಲ್ಲ.

"ಇನ್ನು ಕೇಳಿ ಮುಂದಿಂದು. ಒಂದು ತಿಂಗಳಾಗಿರಬೇಕು. ಆವತ್ತೂ ಜಿಟಿಜಿಟಿ ಮಳೆ. ನಮ್ಮ ಪೋಸ್ಟ್‌ಮನ್ ಕಾಗದ ಕೊಡೋಕೆ ಬಂದವರು, 'ತಾತ'... ಆಗ ನಾನು ತಾತ ಅಲ್ಲ ಬಿಡಿ, ಮೀಸೆ ಕರ್ರಗಿತ್ತು... 'ಅಣ್ಣಾ, ಒಂದು ಸುತ್ತು ಹಾಕ್ಸು' ಅಂದ್ರು. ನಾನು ಓಡಿದೆ ಚೀಲ ತರೋಕೆ. ಎರಡು ಚೀಲ ಬಗಲಲ್ಲಿ ಇಟ್ಕೊಂಡು ವಾಪಸ್ ಬಂದ್ರೆ, ಈ ಪುಣ್ಯಾತ್ಮ ಆಗಲೇ ಕೆಳಗಿದ್ದ ತೊಟ್ಟಿಲಲ್ಲಿ ಕೂತು, ಅಡ್ಡಸಲಾಕೆ ಹಾಕ್ಕೊಂಡು, 'ಹೊರಡ್ಲಿ ರೈಟ್' ಅಂತಿದ್ದಾರೆ! ಸರಿ, ಬ್ರೇಕ್ ಹಿಡ್ಕೊಂಡು ಮೆಲ್ಲಗೆ ಅರ್ಧ ಸುತ್ತು ತಿರುಗಿಸೋಣ, ಎದುರಿನ ತೊಟ್ಟಿಲು ಕೆಳಗೆ ಬಂದ ಮೇಲೆ ಮರಳು ತುಂಬೋಣ ಅಂತ ಮೋಟರ್ ಒತ್ತಿದೆ.

"ಮುಳ್ಳು ಅಲ್ಲಾಡಲಿಲ್ಲ.

"ನಾನು ಮೀಟರು ತಟ್ಟಿ ನೋಡಿದೆ. ಊಹೂಂ. ಪೋಸ್ಟ್‌ಮನ್ ಏನು ಕಡ್ಡಿ ಪೈಲ್ವಾನ ಅಲ್ಲ, ಎಂಬತ್ತು ಕಿಲೋ ಆಸಾಮಿ. ಅವರು ಮೇಲೆ ಹೋಗ್ತಿದ್ದಾರೆ, ಮೋಟರು ಹೂವು ಎತ್ತಿದ ಹಾಗೆ ಗುನುಗುನು ಅಂತಿದೆ! ಎದುರಿನ ತೊಟ್ಟಿಲು ಕೆಳಗೆ ಬಂದು ನಿಲ್ತು. ನಾನು ಚೀಲಗಳನ್ನ ಮತ್ತೆ ಬಗಲಿಗೆ ಎತ್ಕೊಂಡು ಹತ್ತಿರ ಹೋದೆ. ಬೆಳಿಗ್ಗೆ ನಾನೇ ತೆಗೆದಿಟ್ಟಿದ್ದ ಅಡ್ಡಸಲಾಕೆ... ಹಾಕಿತ್ತು. ತೊಟ್ಟಿಲು ಯಾರೋ ಕೂತ ಹಾಗೆ ಒಂದು ಕಡೆಗೆ ವಾಲಿತ್ತು. ಸೀಟೆಲ್ಲ ಮಳೆಗೆ ನೆಂದು ತೊಪ್ಪೆಯಾಗಿತ್ತು, ಆದ್ರೆ ನಡುವೆ ಒಬ್ಬರು ಕೂರೋ ಅಷ್ಟಗಲ... ಒಣಗಿತ್ತು. ಕಣ್ಣೆದುರಿಗೇ ಮಳೆ ಬೀಳ್ತಿದೆ, ಆ ಜಾಗದಲ್ಲಿ ಮಾತ್ರ ಹನಿ ಕಾಣ್ತಿಲ್ಲ. ಮತ್ತೆ ಅಲ್ಲಿಂದ ಒಂದು ವಾಸನೆ... ಏನಂತೀರಿ? ಸೋಪು ಹಾಕಿ ಒಗೆದು, ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಆಗ ತಾನೇ ಮಡಿಸಿಟ್ಟ ಬಟ್ಟೆಯ ವಾಸನೆ. ಆ ಜಡಿಮಳೇಲಿ ಬಿಸಿಲಿನ ವಾಸನೆ!

"ಬಗಲಲ್ಲಿದ್ದ ಚೀಲ ಎರಡೂ ದೊಪ್ಪಂತ ಕೆಳಗೆ ಬಿದ್ವು. ಮೇಲಿಂದ ಪೋಸ್ಟ್‌ಮನ್ ಬೇರೆ, 'ಏನಣ್ಣಾ, ಕರೆಂಟು ಹೋಯ್ತಾ?' ಅಂತ ಕೂಗ್ತಿದ್ದಾರೆ. ನಾನು ಓಡಿಹೋಗಬಹುದಿತ್ತು. ಓಡಲಿಲ್ಲ. ಕ್ಯಾಬಿನ್ನಿಗೆ ಹೋಗಿ ಆ ಟಿಕೆಟ್ಟು ತಂದೆ. ತೊಟ್ಟಿಲ ಮುಂದೆ ನಿಂತು, ಎಲ್ಲರ ಟಿಕೆಟ್ಟೂ ಹರಿಯೋ ಹಾಗೆ ಅರ್ಧಕ್ಕೆ ಹರಿದು, ಅವರ ಪಾಲಿನ ಅರ್ಧ ಆ ಒಣಗಿದ ಜಾಗದಲ್ಲಿ ಇಟ್ಟೆ. 'ತಪ್ಪಾಯ್ತಮ್ಮ' ಅಂದೆ. ಇನ್ನೇನು ಹೇಳಲಿ? ಮೂರು ಸುತ್ತು ತಿರುಗಿಸಿದೆ. ಪೋಸ್ಟ್‌ಮನ್ ನಗ್ತಾ ಇಳಿದು ಹೋದ್ರು. ಅರ್ಧ ಟಿಕೆಟ್ಟು ಆಮೇಲೆ ಎಷ್ಟು ಹುಡುಕಿದ್ರೂ ಸಿಗಲಿಲ್ಲ.

"ಅಲ್ಲಿಂದ ಇಲ್ಲಿಯವರೆಗೆ ಹೀಗೇ. ಜನ ತುಂಬಿದ ದಿನ ಅವರ ಸುಳಿವೇ ಇಲ್ಲ. ಯಾರಾದರೂ ಒಬ್ಬರೇ ಬಂದ್ರೋ... ಮಗು ಬರಲಿ, ಹದಿನೈದು ಕಿಲೋ, ಮುಳ್ಳು ನಿಂತಲ್ಲೇ. ನಮ್ಮ ಪಾಪ್‌ಕಾರ್ನ್ ಮಾವನಂಥೋರು ಬರಲಿ, ಎಷ್ಟು ಕಿಲೋ ಅಂತ ನಾನು ಹೇಳಲ್ಲ, ಮುಳ್ಳು ನಿಂತಲ್ಲೇ! ಎದುರು ಕೂತವರ ತೂಕ ಎಷ್ಟೋ ಅವರ ತೂಕ ಅಷ್ಟೇ. ತನ್ನ ಹಾಗೆ ಇನ್ನೊಬ್ಬರು ಒಂಟಿ ಅನ್ನೋ ಕಾರಣಕ್ಕೆ ಮುಖ ಸಣ್ಣದು ಮಾಡ್ಕೊಂಡು ವಾಪಸ್ ಹೋಗಬಾರದು ಅಂತ... ನನಗೆ ಹಾಗನ್ಸುತ್ತೆ. ಒಂಟಿಯಾಗಿ ಬಂದ ಯಾರನ್ನೂ ನಾನು ಮತ್ತೆ ವಾಪಸ್ ಕಳಿಸಿಲ್ಲ ಪುಟ್ಟಮ್ಮಾವ್ರೇ. ಕಳಿಸೋಕೆ ಅವರು ಬಿಟ್ಟಿಲ್ಲ."

ಮಳೆ ಸಣ್ಣಗಾಗಿತ್ತು. ಪಾಪ್‌ಕಾರ್ನ್ ಮಾವನಿಗೆ ತಡೆಯಲಾಗಲಿಲ್ಲ. "ತಾತ, ನಿಮ್ಮ ಮೀಟರು ಕೆಟ್ಟಿರಬೇಕು ಅಷ್ಟೇ. ಇಪ್ಪತ್ತೆಂಟು ವರ್ಷದಿಂದ ಕೆಟ್ಟಿದೆ."

"ಕೆಟ್ಟಿರಬಹುದಪ್ಪ," ಎಂದ ತಾತ, ಸಿಟ್ಟು ಮಾಡಿಕೊಳ್ಳದೆ. ಅದೇ ಎಲ್ಲರಿಗೂ ಆಶ್ಚರ್ಯ.

ಯಜಮಾನಿ ನಗಲಿಲ್ಲ. ಬೆಳಗಿನ ಸವಾರಿಯಲ್ಲಿ, ಹನಿ ಮಳೆಯಲ್ಲಿ, ಎಲ್ಲಿಂದಲೋ ಒಗೆದ ಬಟ್ಟೆಯ ವಾಸನೆ ಬಂದಿತ್ತು. ತನ್ನ ಶಾಲಿನದೇ ಇರಬೇಕು ಎಂದುಕೊಂಡು ಅದನ್ನು ಮೂಗಿಗೆ ಹಿಡಿದು ನೋಡಿದ್ದಳು. ಶಾಲಿಗೆ ಬೀರುವಿನ ವಾಸನೆ ಇತ್ತು.

"ತಾತ," ಎಂದಳು, "ಬೆಳಿಗ್ಗೆ ನಾನು ಒಬ್ಬಳೇ ಹತ್ತಿದ್ನಲ್ಲ. ನನ್ನ ಎದುರಿಗೆ ಎಷ್ಟು ಚೀಲ ಮರಳು ಹಾಕಿದ್ರಿ?"

ತಾತ ಅವಳ ಕಾಲುಗಳನ್ನೇ ನೋಡಿದ. "ಮರಳಿನ ಚೀಲ ನಿಮ್ಮ ಕಾಲ ಕೆಳಗೇ ಇದೆಯಲ್ಲಮ್ಮ."

"ಅಯ್ಯೋ, ಹೌದು!" ಎಂದಳು ಟಿಕೆಟ್ ಅಕ್ಕ. "ನಿನ್ನೆ ಸಂಜೆ ವೀಲ್ ಹತ್ತಿರದಿಂದ ಎಲ್ಲಾ ಚೀಲಾನೂ ನಾವೇ ಅಲ್ವಾ ಹೊತ್ಕೊಂಡು ಬಂದಿದ್ದು. ಅಲ್ಲಿ ಒಂದೂ ಉಳಿಸಲಿಲ್ಲ."

ಯಜಮಾನಿ ಸಟಕ್ಕನೆ ಕಾಲು ಎಳೆದುಕೊಂಡಳು. ಅದರ ಹಿಂದೆಯೇ, ಅವಳಿಗೇ ಅಚ್ಚರಿಯಾಗುವಂತೆ, ಒಂದು ದೊಡ್ಡ ಸಮಾಧಾನ ಬಂತು. ಮೂರು ವರ್ಷದಿಂದ ಈ ಪಾರ್ಕನ್ನು ತಾನೊಬ್ಬಳೇ ಹೊತ್ತುಕೊಂಡಿದ್ದೇನೆ, ಎದುರು ಕಡೆಯ ಭಾರ ಹಿಡಿಯುವವರು ಯಾರೂ ಇಲ್ಲ ಎಂದುಕೊಂಡಿದ್ದಳು. ಅಪ್ಪನ ಮಾತನ್ನು ಅಪ್ಪನೂ ಇಲ್ಲದ, ಮಗಳೂ ಮರೆತ ಕಾಲದಲ್ಲಿ ಯಾರೋ ಒಗೆಯುವ ಹೆಂಗಸು ಕೂತು ನಡೆಸಿಕೊಂಡು ಬರುತ್ತಿದ್ದಳಲ್ಲ! ಅವಳಿಗೆ ಅಳು ಬಂತು, ನಗುವೂ ಬಂತು.

ಫೋನು ಬಡಿದುಕೊಂಡಿತು. ಸರಿಯಾಗಿ ಆರು ಗಂಟೆ. ಪಾಪ್‌ಕಾರ್ನ್ ಮಾವ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ಅದನ್ನೇ ನೋಡತೊಡಗಿದ.

"ಹಲೋ," ಎಂದಳು ಯಜಮಾನಿ. "ಹೌದು, ನಾನೇ. ಇಲ್ಲ ಸರ್, ಕೊಡ್ತಿಲ್ಲ... ರೇಟಿನ ಮಾತಲ್ಲ ಸರ್, ಕೊಡೋದೇ ಇಲ್ಲ. ಹಿಂದಿನ ಜಾಗ ಬಸ್ಸಿನವರಿಗೆ ಬಾಡಿಗೆಗೆ ಹೋಗುತ್ತೆ. ಪಾರ್ಕು ನಾಲ್ಕು ದಿನ ತೆರೆದಿರುತ್ತೆ. ಜನಾನಾ? ಒಬ್ಬರು ಬಂದ್ರೂ ಸಾಕು ನಮಗೆ. ನೀವೇ ಬನ್ನಿ ಒಂದ್ಸಲ, ಒಬ್ಬರೇ ಬಂದ್ರೂ ಪರವಾಗಿಲ್ಲ." ಫೋನು ಇಟ್ಟಳು. ಕೈಚೀಲದಿಂದ ಕಾಗದ ತೆಗೆದು ನಾಲ್ಕಾಗಿ ಮಡಿಸಿ, ಅಲುಗಾಡುತ್ತಿದ್ದ ಹಳದಿ ಕಾರಿನ ಸೀಟಿನ ಕೆಳಗೆ ಒತ್ತಿದಳು. ಸೀಟು ಅಲುಗಾಡುವುದು ನಿಂತಿತು.

ಟಿಕೆಟ್ ಅಕ್ಕ ಕೂತಲ್ಲೇ ಚಪ್ಪಾಳೆ ಹೊಡೆದಳು. ಪಾಪ್‌ಕಾರ್ನ್ ಮಾವ ಟಾರ್ಪಾಲು ತೆಗೆದು ಒಂದು ಬಾಣಲೆ ಪಾಪ್‌ಕಾರ್ನ್ ಹುರಿದುಕೊಂಡೇ ಬರುತ್ತೇನೆ, ಇವತ್ತು ಎಲ್ಲರಿಗೂ ಪುಕ್ಕಟೆ ಎಂದು ಎದ್ದ. ತಾತ ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡು, ಹೊಗೆ ಎಂದ. ಎಲ್ಲಿಯೂ ಹೊಗೆ ಇರಲಿಲ್ಲ.

ಮಳೆ ಪೂರ್ತಿ ನಿಂತಿತು. ಪಶ್ಚಿಮಕ್ಕೆ ಮೋಡ ಸರಿದು ಸಂಜೆಯ ಬೆಳಕು ನೆಲದ ಮೇಲೆಲ್ಲ ಬಿತ್ತು. ಯಜಮಾನಿಗೆ ಒಂದು ಪ್ರಶ್ನೆ ಉಳಿದಿತ್ತು.

"ತಾತ, ನಾನು ವೀಲ್ ಇಳಿದು ಎಂಟು ಗಂಟೆ ಹೊತ್ತಾಯ್ತು. ಆಮೇಲೆ ಯಾರಾದ್ರೂ ಹತ್ತಿದ್ರಾ?"

"ಇಲ್ಲ. ಬೆಳಗಿನಿಂದ ವೀಲ್‌ಗೆ ನೀವೊಬ್ಬರೇ ಗಿರಾಕಿ. ನೀವು ಇಳಿದ ಮೇಲೆ ಬ್ರೇಕ್ ಹಾಕಿದೋನು ಮತ್ತೆ ಮುಟ್ಟಿಲ್ಲ."

"ಹಾಗಾದ್ರೆ... ಅವರು ಎಲ್ಲಿ ಇಳೀತಾರೆ?"

ತಾತ ರೇನ್‌ಕೋಟು ಹೆಗಲಿಗೆ ಹಾಕಿಕೊಂಡು ಎದ್ದ. "ಯೋಚನೆ ಮಾಡಿ ನೋಡಿ ಪುಟ್ಟಮ್ಮಾವ್ರೇ. ನೀವು ಇಳೀಬೇಕಾದ್ರೆ ನಿಮ್ಮ ತೊಟ್ಟಿಲು ಕೆಳಗೆ ಇರಬೇಕು. ಆಗ ಎದುರಿನದು ಎಲ್ಲಿರುತ್ತೆ? ಅವರು ಕೇಳಿದ್ದಾದರೂ ಏನು, ಮೇಲೆ ಸ್ವಲ್ಪ ಹೊತ್ತು ನಿಲ್ಲಿಸು ಅಂತ ತಾನೇ... ಇಪ್ಪತ್ತೆಂಟು ವರ್ಷದಿಂದ ನಿಲ್ಲಿಸ್ತಾನೇ ಇದ್ದೀನಿ. ಇಳಿಸಿ ಅಂತ ಅವರೂ ಕೇಳಿಲ್ಲ."

ಎಲ್ಲರೂ ಶೆಡ್ಡಿನ ಅಂಚಿಗೆ ಬಂದು ಕತ್ತೆತ್ತಿದರು. ಗಾಳಿಯ ಸುಳಿವೇ ಇರಲಿಲ್ಲ. ಹದಿನೈದು ತೊಟ್ಟಿಲುಗಳು ನೀರು ತೊಟ್ಟಿಕ್ಕಿಸುತ್ತ ನೆಟ್ಟಗೆ ನಿಂತಿದ್ದವು. ತುತ್ತತುದಿಯ ತೊಟ್ಟಿಲೊಂದು ಮಾತ್ರ, ಯಾರೋ ಮುಂದೆ ಬಾಗಿ ನೋಡುತ್ತಿರುವ ಹಾಗೆ, ಆಸ್ಪತ್ರೆಯ ಟೆರೇಸಿನ ಕಡೆಗೆ ವಾಲಿತ್ತು.

"ನಾಳೆ ಬೆಳಿಗ್ಗೆ ಒಬ್ಬರೇ ಬನ್ನಿ," ಎಂದ ತಾತ. "ಚೀಲ ಇಲ್ಲೇ ಇರಲಿ."